ಓದಿ ಹೇಳಲಾಗಿದೆ

'ಚಲೋ ಬಂದೈತಿ ಆಯಿ' ಎಂದುಬಿಟ್ಟಿದ್ದ. ನಿನ್ನೆ ಸಂಜೆ ಬೋರಗಾಂವದ ಆ ಹಿತ್ತಿಲ ಖೋಲಿಯ ಹೊಸ್ತಿಲ ಮೇಲೆ ಕೂತು, ಝೆರಾಕ್ಸ್ ಹಾಳೆಯನ್ನು ಎರಡು ಸಲ ಓದಿ, ಮೂರನೆಯ ಸಲ ಓದಿದಂತೆ ನಟಿಸಿ, ಹಾಲಸಿದ್ದ ಹೇಳಿದ್ದು ಇಷ್ಟೇ. ಲಕ್ಕವ್ವ ಕೇಳಿದ್ದೂ ಅಷ್ಟೇ ಅಲ್ಲವೆ, ಸಹಿ ಹೇಗೆ ಬಂದಿದೆ ಎಂದು? ಕೇಳಿದ್ದಕ್ಕೆ ಸುಳ್ಳು ಹೇಳಲಿಲ್ಲ. ಸಹಿ ನಿಜಕ್ಕೂ ಚೆನ್ನಾಗಿತ್ತು. ಕಕಾರಕ್ಕೆ ಒತ್ತು, ವಕಾರಕ್ಕೆ ಒತ್ತು, ಎರಡೂ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಮೂರು ತಿಂಗಳ ಹಿಂದೆ ಪೆನ್ನನ್ನು ಲಟ್ಟಣಿಗೆ ಹಿಡಿದಂತೆ ಹಿಡಿಯುತ್ತಿದ್ದ ಅರವತ್ತೆರಡರ ಮುದುಕಿ ಬರೆದದ್ದು ಎಂದರೆ ಯಾರೂ ನಂಬುವಂತಿರಲಿಲ್ಲ. ಈ ವಾದವನ್ನು ಅವನು ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ, ಅಂಗಿಗೆ ಇಸ್ತ್ರಿ ಮಾಡುವಾಗ ಒಮ್ಮೆ ತನ್ನೊಳಗೇ ಮಂಡಿಸಿ ನೋಡಿದ. ಎರಡು ಸಲವೂ ಗೆದ್ದ. ಗೆದ್ದರೂ ನಾಷ್ಟಾ ತಟ್ಟೆಯಲ್ಲೇ ಬಿಟ್ಟು ಎದ್ದ.

ಈಗ ಲಕ್ಕವ್ವ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಕೂತಿದ್ದಳು. ಪೆಟ್ಟಿಗೆಯ ತಳದಿಂದ ತೆಗೆದ ಹಸಿರು ಇರಕಲ್ ಸೀರೆ, ಅದರ ಮಡಿಕೆಯ ಗೆರೆಗಳು ಇನ್ನೂ ಬಿಟ್ಟಿರಲಿಲ್ಲ. ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ. ಆ ಚಂಚಿಯಲ್ಲಿ, ಸುಣ್ಣದ ಡಬ್ಬಿಯ ಕೆಳಗೆ, ನಾಲ್ಕು ಮಡಿಕೆಯಾಗಿ ಆ ಝೆರಾಕ್ಸ್ ಇದೆ ಎಂಬುದು ಅವನಿಗೆ ಗೊತ್ತು. ಇವತ್ತು ನಿಪ್ಪಾಣಿಯ ಕಾಲೇಜಿಗೆ ಯೂನಿವರ್ಸಿಟಿಯ ಸಮಿತಿ ಬರುವುದಿತ್ತು. 'ಕಲಿಕೆಯೊಡನೆ ಸೇವೆ' ಎಂಬ ಹೊಸ ವಿಷಯ ಬಿ.ಎ. ಕೊನೆಯ ವರ್ಷಕ್ಕೆ ಬಂದಿತ್ತು. ಪ್ರತಿ ವಿದ್ಯಾರ್ಥಿಯೂ ಊರಲ್ಲಿ ಐದು ಜನ ಅನಕ್ಷರಸ್ಥರಿಗೆ ಸಹಿ ಮಾಡಲು ಕಲಿಸಬೇಕು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರ ಹೆಬ್ಬೆಟ್ಟು ಇರಬೇಕು, ಕೊನೆಯ ಪುಟದಲ್ಲಿ ಸಹಿ. ನಡುವಿನ ಪುಟಗಳಲ್ಲಿ ಏನಾಯಿತು ಎಂಬುದನ್ನು ವಿದ್ಯಾರ್ಥಿ ಬರೆಯಬೇಕು. ಇಡೀ ತರಗತಿಯಲ್ಲಿ ಹಾಲಸಿದ್ದನ ನೋಟ್‌ಬುಕ್ಕೇ ಚೆನ್ನಾಗಿದೆ ಎಂದು ಸಾರಿಕಾ ಮೇಡಂ ಆರಿಸಿದ್ದರು. ಲಕ್ಕವ್ವ ವೇದಿಕೆಯ ಮೇಲೆ, ಎಲ್ಲರೆದುರು, ಬೋರ್ಡಿನ ಮೇಲೆ ಸಹಿ ಮಾಡುವುದು ಎಂದು ಗೊತ್ತಾಗಿತ್ತು.

"ಬೋರ್ಡ್ ಮ್ಯಾಲ ದೊಡ್ಡದಾಗಿ ಬರೀಬೇಕೇನು ತಮ್ಮಾ?"

"ಹೌದು ಆಯಿ. ಹಿಂದಿನವ್ರಿಗೂ ಕಾಣಬೇಕಲ್ಲ."

"ಸಣ್ಣದಾಗಿ ಬರದು ರೂಢಿ ಆಗೇತಿ ನನಗ. ಮೊನ್ನೆ ಆಫೀಸ್ನ್ಯಾಗ ಸುದ್ದಾ ಇಷ್ಟ ಜಾಗಾ ಇತ್ತು ನೋಡು," ಎಂದು ಎರಡು ಬೆರಳುಗಳ ನಡುವಿನ ಸಂದು ತೋರಿಸಿದಳು. "ಇಷ್ಟರಾಗ ಕುಂದರಿಸೇನಿ. ಆ ಸಾಹೇಬ ಹೌಹಾರಿದ!"

ಮೊನ್ನೆ ಅಂದರೆ ಹತ್ತು ದಿನದ ಹಿಂದೆ. ಹಾಲಸಿದ್ದ ನಿನ್ನೆಯಿಂದ ಆ ದಿನಗಳನ್ನು ಬೆರಳಿನಲ್ಲಿ ಎಣಿಸುತ್ತಲೇ ಇದ್ದ. ಉತಾರದಿಂದ, ಅಂದರೆ ಹೊಲದ ಪಹಣಿಯಿಂದ, ಹೆಸರು ತೆಗೆಯುವ ಮೊದಲು, ಕಾಗದ ಕೊಟ್ಟ ದಿನವೇ ನೋಟೀಸು ಹಚ್ಚುತ್ತಾರೆ, ಹದಿನೈದು ದಿನದೊಳಗೆ ತಕರಾರು ಅರ್ಜಿ ಕೊಟ್ಟರೆ ಅಲ್ಲಿಗೆ ನಿಲ್ಲುತ್ತದೆ ಎಂದು ಝೆರಾಕ್ಸ್ ಅಂಗಡಿಯವನು ಹೇಳಿದ್ದ. ತನ್ನ ಗೆಳೆಯನ ಮನೆಯ ಸಮಾಚಾರ ಎಂಬಂತೆ, ಇಯರ್‌ಫೋನು ಕೊಳ್ಳಲು ಹೋದವನು ಸಹಜವಾಗಿ ಕೇಳಿದಂತೆ ಅವನು ಅದನ್ನು ಕೇಳಿಕೊಂಡಿದ್ದ. ಬೇಡದಿದ್ದರೂ ಇಯರ್‌ಫೋನು ಕೊಂಡು ಬಂದಿದ್ದ.

ಬಸ್ಸು ಬಂತು. ಲಕ್ಕವ್ವ ಆಧಾರ್ ಕಾರ್ಡನ್ನು ಕಂಡಕ್ಟರನ ಮೂಗಿನ ಹತ್ತಿರ ಹಿಡಿದು ಹೆಂಗಸರ ಉಚಿತ ಟಿಕೇಟು ಪಡೆದಳು. ಟಿಕೇಟಿಗೆ ಸಹಿ ಬೇಕೇನು ಎಂದು ಕೇಳಿದಳು. ಕಂಡಕ್ಟರ್ ನಕ್ಕ, ಹಿಂದಿನ ಸೀಟಿನವರೂ ನಕ್ಕರು, ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳ ನಗುವನ್ನು ಹಾಲಸಿದ್ದನಿಗೆ ಸಹಿಸಲಾಗಲಿಲ್ಲ. ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು, ಮರಾಠಿ ಹಾಡು ಹಚ್ಚಿಕೊಂಡು, ರಸ್ತೆ ತಮ್ಮಪ್ಪನದೆಂಬಂತೆ ಹೋಗುತ್ತಿದ್ದವು. ಅವುಗಳಲ್ಲೊಂದರಲ್ಲಿ ಬಾವಿಯ ಪಕ್ಕದ ಎರಡು ಎಕರೆಯ ಕಬ್ಬೂ ಇರಬಹುದು. ಆ ಎರಡು ಎಕರೆಯ ಉತಾರದಲ್ಲಿ ಧರೆಪ್ಪನ ಹೆಸರಿನ ಪಕ್ಕ ಅವನಕ್ಕ ಲಕ್ಕವ್ವನ ಹೆಸರೂ ಇದೆ. ಗಂಡ ಸತ್ತು ತವರಿಗೆ ಬಂದು ಮೂವತ್ತು ವರ್ಷ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ ಅವಳನ್ನು ಹಿತ್ತಿಲ ಖೋಲಿಯಿಂದ ಯಾರೂ ಏಳು ಎನ್ನದಿರುವುದು ಆ ಹೆಸರಿನ ಬಲದಿಂದ. ಹಾಗೆಂದು ಅವಳೇ ಹೇಳಿದ್ದಳು. ಯಾವಾಗ ಹೇಳಿದ್ದು? ವ ಅಕ್ಷರ ತಿದ್ದುವಾಗ. ಅವನು ಗಮನ ಕೊಟ್ಟು ಕೇಳಿರಲಿಲ್ಲ, ವಕಾರದ ಹೊಟ್ಟೆ ದುಂಡಗಾಗುತ್ತಿಲ್ಲವೆಂಬ ಚಿಂತೆಯಲ್ಲಿದ್ದ.

ಐದನೆಯ ಮನುಷ್ಯ ಸಿಗದೆ ಅವನು ಊರೆಲ್ಲ ಅಲೆಯುತ್ತಿದ್ದಾಗ ಬೈಕು ನಿಲ್ಲಿಸಿ ಕರೆದವನು ಧರೆಪ್ಪನೇ. ಎಂಟು ಪಾವರಲೂಮಿನ ಮಾಲಕ; ಹಾಲಸಿದ್ದನ ಅಪ್ಪ ಮಲ್ಲೇಶ ಅವನ ಮಗ್ಗಗಳ ಮೇಲೇ ಇಪ್ಪತ್ತು ವರ್ಷದಿಂದ ನೇಯುತ್ತಿದ್ದ. ಅಂಥವನು ತಾನಾಗಿ ಕರೆದು, "ಲೇ, ನಮ್ಮ ಅಕ್ಕಗ ಕಲಿಸೋ. ಪುಣ್ಯಾ ಬರತೈತಿ ನಿನಗ" ಎಂದಾಗ ಹಾಲಸಿದ್ದ ಉಬ್ಬಿಹೋಗಿದ್ದ. ಅಪ್ಪ ಎಂದೂ ಕೂರದ ಪಡಸಾಲೆಯಲ್ಲಿ ಅವನಿಗೆ ಕುರ್ಚಿ ಹಾಕಿಸಿದ್ದ ಧರೆಪ್ಪ. ಚಹಾದ ಜೊತೆ ಬಿಸ್ಕೀಟು. ವಾರಕ್ಕೊಮ್ಮೆ ನೋಟ್‌ಬುಕ್ಕು ತಿರುವಿಹಾಕಿ, "ಎಷ್ಟ ಬಂತೋ ಮಾಸ್ತರ? ಇನ್ನೆಷ್ಟ ದಿವಸ ಬೇಕು?" ಎಂದು ಕೇಳುತ್ತಿದ್ದ. ಅಕ್ಕನ ಮೇಲೆ ಎಂಥ ಅಕ್ಕರೆ ಎಂದುಕೊಂಡಿದ್ದ ಇವನು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದ: 'ಕುಟುಂಬದ ಸಹಕಾರ ಶ್ಲಾಘನೀಯ.'

ಮೊದಲ ದಿನ ಲಕ್ಕವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕೂತಿದ್ದಳು. "ನನಗ ಹೆಬ್ಬಟ್ಟ ಚಲೋ ತಮ್ಮಾ. ಹೆಬ್ಬಟ್ಟ ಒತ್ತವ್ರಿಗೆ ಕಾಗದ ಓದಿ ಹೇಳಬೇಕಂತ ಕಾಯ್ದೆ ಐತಿ. ಸಹಿ ಮಾಡವ್ರಿಗೆ ಯಾರ ಓದಿ ಹೇಳ್ತಾರ?" ಅವನು ನಕ್ಕಿದ್ದ. ಹೆಬ್ಬೆಟ್ಟು ಅಂದರೆ ನಾಚಿಕೆ ಆಯಿ, ದನಕ್ಕೆ ಬರೆ ಹಾಕಿದ ಹಾಗೆ, ಸಹಿ ಅಂದರೆ ಮಾನ ಎಂದು ಮೇಡಂ ಹೇಳಿಕೊಟ್ಟದ್ದನ್ನೂ ತನ್ನ ಕಡೆಯದನ್ನೂ ಸೇರಿಸಿ ಭಾಷಣ ಬಿಗಿದಿದ್ದ. ಅವಳು ಮತ್ತೂ ಹೇಳಿದಳು. ಹನ್ನೆರಡು ವರ್ಷದ ಹಿಂದೆ ತಮ್ಮ ಧರೆಪ್ಪ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಕರೆದೊಯ್ದಿದ್ದ. ಕಾಗದ ಬರೆಯುವವನು ಗಡಗಡ ಓದಿದ. ಆ ಗಡಗಡದಲ್ಲೂ 'ಹಕ್ಕು ಬಿಟ್ಟು' ಅನ್ನುವ ಎರಡು ಮಾತು ಅವಳ ಕಿವಿಗೆ ಬಿದ್ದವು. ಮಸಿ ಹತ್ತಿದ ಹೆಬ್ಬೆರಳನ್ನು ಕಚೇರಿಯ ಗೋಡೆಗೆ ಒರೆಸಿ ಅವಳು ಎದ್ದು ಬಂದುಬಿಟ್ಟಳು. ಎರಡು ವರ್ಷ ಧರೆಪ್ಪ ಅವಳ ಜೊತೆ ಮಾತು ಬಿಟ್ಟಿದ್ದನಂತೆ. ಗೋಡೆಗೆ ಒರೆಸಿದ್ದನ್ನು ಅವಳು ಕೈಮಾಡಿ ತೋರಿಸಿದಾಗ ಹಾಲಸಿದ್ದ ಹೊಟ್ಟೆ ಹಿಡಿದು ನಕ್ಕಿದ್ದ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದ: 'ಫಲಾನುಭವಿಯಲ್ಲಿ ಆರಂಭಿಕ ಹಿಂಜರಿಕೆ ಹಾಗೂ ತಪ್ಪು ಕಲ್ಪನೆಗಳು ಕಂಡುಬಂದವು. ಮನವೊಲಿಸಲಾಯಿತು.' ಸಾರಿಕಾ ಮೇಡಂ ಕೆಂಪು ಪೆನ್ನಿನಲ್ಲಿ ಅದರ ಕೆಳಗೆ ಗೆರೆ ಎಳೆದು 'ಉತ್ತಮ ಅವಲೋಕನ' ಎಂದು ಬರೆದಿದ್ದರು.

ಮನವೊಲಿಸಲಾಯಿತು. ಆ ಮಾತು ಈಗ ಬಸ್ಸಿನ ಕುಲುಕಾಟದಲ್ಲಿ ಹಲ್ಲಿನ ನಡುವೆ ಸಿಕ್ಕ ಕಬ್ಬಿನ ಸಿಬರಿನಂತೆ ಅವನನ್ನು ಕಾಡುತ್ತಿತ್ತು. ತನ್ನ ಹೆಸರಿನ ಎರಡು ಒತ್ತಕ್ಷರಗಳನ್ನು ಕಂಡು ಲಕ್ಕವ್ವ, "ನನ್ನ ಹೆಸರಿಗೆ ಎರಡ ಕೂಸ ಕಾಲಿಗೆ ಜೋತು ಬಿದ್ದಾವ ನೋಡು, ಹೊಟ್ಟೀಲೆ ಒಂದೂ ಹುಟ್ಟಲಿಲ್ಲ" ಎಂದಿದ್ದಳು. ಆಮೇಲೆ ಆ ಎರಡು ಕೂಸುಗಳ ಮೇಲೆ ಅವಳಿಗೆ ಹುಚ್ಚು ಪ್ರೀತಿ ಬಂತು. ಕಂಡಿಕೆ ಸುತ್ತುವ ಚಕ್ರದ ಹಲಗೆಯ ಮೇಲೆ, ಹಿಟ್ಟಿನ ಪರಾತದಲ್ಲಿ, ಒಲೆಯ ಬೂದಿಯಲ್ಲಿ ಬೆರಳಿನಿಂದ ಬರೆದಳು. ಹೆಸರಾದ ಮೇಲೆ ಓದುವುದನ್ನೂ ಕಲಿಸೋ ಎಂದು ಒಂದು ದಿನ ಕೇಳಿದಳು. ಪರೀಕ್ಷೆ ಮುಗಿಯಲಿ ಆಯಿ ಎಂದಿದ್ದ. ಓದುವುದಕ್ಕೆ ಅಂಕ ಇರಲಿಲ್ಲ.

ಮೊನ್ನೆ ಕಚೇರಿಯಲ್ಲಿ ಏನಾಯಿತೆಂಬುದನ್ನೂ ಅವಳೇ ಹಿಗ್ಗಿ ಹೇಳಿದ್ದಳು. ಬಾವಿಯ ಮೋಟರಿಗೆ ಹೊಸ ಮೀಟರು ಕೂರಿಸುವ ಕಾಗದ ಎಂದು ತಮ್ಮ ಕರೆದೊಯ್ದನಂತೆ. ಸಾಹೇಬರು ಹೆಬ್ಬೆಟ್ಟೋ ಸಹಿಯೋ ಎಂದು ಕೇಳಿದರಂತೆ. ಸಹಿ ಎಂದಳಂತೆ. ಕೂಡಲೇ ಪೆನ್ನು ಕೈಗೆ ಕೊಟ್ಟರು, ಓದಿ ಹೇಳುವ ಗೋಜಿಗೇ ಹೋಗಲಿಲ್ಲ, ಒಪ್ಪಿಗೆ ಇದೆಯೇನು ಎಂದರು, ಹೌದ್ರಿ ಎಂದಳು. "ಸಾಲಿ ಕಲಿತವ್ರಿಗೆ ಹೆಂಗ ಮರ್ಯಾದಿ ಕೊಡ್ತಾರ, ಹಂಗ!" ನನ್ನ ಮಾಸ್ತರನಿಗೆ ತೋರಿಸಬೇಕು, ಒಂದು ಪುಟವಾದರೂ ಕೊಡಿ ಎಂದು ಕಾಡಿ, ಕಾಗದ ಬರೆಯುವವನ ಕೈಯಿಂದ ಕೊನೆಯ ಪುಟದ ಝೆರಾಕ್ಸು ಪಡೆದಿದ್ದಳು. ಧರೆಪ್ಪ ಆಗ ಹೊರಗೆ ಚಹಾ ಕುಡಿಯಲು ಹೋಗಿದ್ದ. ನಿನ್ನೆ ಸಂಜೆ ಆ ಪುಟವನ್ನು ಹಾಲಸಿದ್ದನ ಮುಂದೆ ಬಿಡಿಸಿ, "ತಪಾಸ ಮಾಡು. ಎಲ್ಲಿ ತಪ್ಪೇತಿ ಹೇಳು" ಎಂದಿದ್ದಳು.

ಹೇಳಬಹುದಿತ್ತು. ಈಗಲೂ ಹೇಳಬಹುದು, ಬಸ್ಸಿನಲ್ಲೇ. ಹೇಳಿದರೆ ಅವಳು ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುತ್ತಾಳೆ, ವೇದಿಕೆಯ ಮೇಲೆ ಬೋರ್ಡು ಖಾಲಿ ನಿಲ್ಲುತ್ತದೆ, ಮೇಡಂ ಮುಖ ಹೇಗಾಗುತ್ತದೆ. ಹುಡುಗನೇ ಹೇಳಿಕೊಟ್ಟನೆಂದು ಧರೆಪ್ಪನಿಗೆ ತಿಳಿದರೆ ಅಪ್ಪ ನಾಳೆಯಿಂದ ಯಾರ ಮಗ್ಗಕ್ಕೆ ಹೋಗಬೇಕು. ಇನ್ನೂ ಐದು ದಿನ ಇದೆಯಲ್ಲ, ಸಮಿತಿ ಮುಗಿಯಲಿ, ಸಂಜೆ ಹೇಳಿದರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಂಜೆ ಎಂದುಕೊಂಡದ್ದು ನಾಳೆಯಾಗುತ್ತದೆ, ನಾಳೆ ನಾಡಿದ್ದಾಗುತ್ತದೆ, ತಾನು ಎಂಥವನೆಂಬುದು ನಿನ್ನೆಯೇ ಗೊತ್ತಾಗಿಹೋಗಿದೆ ಎಂದು ಒಳಗೊಂದು ದನಿ ಹೇಳಿತು. ಅವನು ಇಯರ್‌ಫೋನು ಹಾಕಿಕೊಂಡ. ಹಾಡು ಹಚ್ಚಲಿಲ್ಲ.

"ಯಾಕೋ, ಮಾರಿ ಸಣ್ಣದ ಮಾಡೀದಿ?" ಎಂದಳು ಲಕ್ಕವ್ವ, ಅವನ ಕಿವಿಯಿಂದ ಒಂದು ತುದಿ ಕಿತ್ತು. "ನಿನ್ನೆ ಕಾಗದಾ ನೋಡಿದಾಗಿಂದ ನೋಡಾಕತ್ತೇನಿ. ತಪ್ಪ ಇದ್ರ ಹೇಳಪಾ, ನಾ ಏನ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ."

"ತಪ್ಪೇನಿಲ್ಲ ಆಯಿ."

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಕಾಲೇಜಿನ ಸಭಾಂಗಣದಲ್ಲಿ ಬ್ಯಾನರು ಕಟ್ಟಿದ್ದರು: 'ಹೆಬ್ಬೆಟ್ಟಿನಿಂದ ಸಹಿಗೆ'. ಸಮಿತಿಯ ಮೂವರು ಮುಂದಿನ ಸೋಫಾದಲ್ಲಿ ಕೂತಿದ್ದರು. ಅವರಲ್ಲಿ ನೀಲಿ ಕೋಟಿನವರೇ ದೊಡ್ಡವರೆಂದು ಎಲ್ಲರ ನಡುಬಾಗುವಿಕೆಯಿಂದ ಗೊತ್ತಾಗುತ್ತಿತ್ತು. ಸಾರಿಕಾ ಮೇಡಂ ಒಳ್ಳೆಯವರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರು. ಲಕ್ಕವ್ವನ ಹೆಬ್ಬೆಟ್ಟು ಗೋಡೆಯಷ್ಟಾಗಿ, ಅದರ ಗೆರೆಗಳು ಉತ್ತ ಹೊಲದ ಸಾಲುಗಳಂತೆ ಸುತ್ತಿ ಸುತ್ತಿ ಬಂದವು. ಹಾಲಸಿದ್ದ ತಲೆ ತಗ್ಗಿಸಿದ. ಲಕ್ಕವ್ವ ವೇದಿಕೆ ಹತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಾರ್ಕರು ಹಿಡಿದು, ಬೋರ್ಡಿನ ಮೇಲೆ ತನ್ನ ಹೆಸರನ್ನು ಅವಸರವಿಲ್ಲದೆ ಬರೆದಳು. ಕೊನೆಯ ಒತ್ತು ಬರೆಯುವಾಗ ನಾಲಗೆಯ ತುದಿ ಹೊರಗೆ ಬಂದಿತ್ತು. ಚಪ್ಪಾಳೆ ಬಿತ್ತು. ಹಾಲಸಿದ್ದನ ಎದೆ ಒಂದು ಕ್ಷಣ ನಿಜವಾಗಿ ಉಬ್ಬಿತು. ಆ ಕ್ಷಣಕ್ಕಾಗಿ ಅವನು ತನ್ನನ್ನು ಆಮೇಲೆ ಬಹಳ ಹೊತ್ತು ಹಳಿದುಕೊಂಡ.

ನೀಲಿ ಕೋಟಿನವರು ತಾವೇ ಎದ್ದು ಬಂದು ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. "ಇದರ ಮೇಲೂ ಒಂದು ಸಹಿ ಮಾಡ್ರಿ ಅಮ್ಮ. ನಮ್ಮ ರೆಕಾರ್ಡಿಗೆ."

ಲಕ್ಕವ್ವ ಪೆನ್ನು ಹಿಡಿದಳು. ಹಾಳೆ ನೋಡಿದಳು. "ಇದರಾಗ ಏನ ಬರದೈತ್ರಿ?"

"ಈಗ ಅಕ್ಷರ ಬಂತಲ್ಲ, ನೀವೇ ಓದ್ರಿ!" ಎಂದು ಅವರು ನಕ್ಕರು. ಸಭೆಯೂ ನಕ್ಕಿತು. ಬಸ್ಸಿನಲ್ಲಿ ಎಲ್ಲರ ಜೊತೆ ನಕ್ಕವಳು ಇಲ್ಲಿ ನಗಲಿಲ್ಲ. ಅವಳ ಮುಖ ಕೆಂಪಾಯಿತು. ಕೆಳಗೆ ಸಾಲಿನ ತುದಿಯಲ್ಲಿ ನಿಂತಿದ್ದ ಹಾಲಸಿದ್ದನ ಕಡೆ ತಿರುಗಿದಳು.

"ತಮ್ಮಾ, ಬಾ ಇಲ್ಲಿ. ಇದನ್ನ ಓದಿ ಹೇಳು."

ಅವನು ಹತ್ತಿದ. ಆ ಹಾಳೆಯನ್ನು ಟೈಪು ಮಾಡಿದವನು ಅವನೇ. ಮೇಡಂ ಕೊಟ್ಟ ಮಾದರಿ ನೋಡಿ ಐವರದೂ ಒಂದೇ ತೆರನಾಗಿ ಮಾಡಿಟ್ಟಿದ್ದ. 'ಏನಿಲ್ಲ ಆಯಿ, ಮಾಡು, ಇಲ್ಲಿ' ಎಂದು ಬೆರಳಿಟ್ಟು ತೋರಿಸುವುದು ಎಷ್ಟು ಸುಲಭವಿತ್ತು. ಬೆರಳು ಅರ್ಧ ದಾರಿ ಹೋಗಿಯೂ ಇತ್ತು. ಹತ್ತು ದಿನದ ಹಿಂದೆ ಇನ್ನೊಂದು ಮೇಜಿನ ಮೇಲೆ ಧರೆಪ್ಪನ ಬೆರಳು ಹೋದದ್ದು ಇದೇ ದಾರಿಯಲ್ಲವೆ? ಅವನು ಬೆರಳು ಹಿಂದಕ್ಕೆಳೆದುಕೊಂಡು ಹಾಳೆ ಎತ್ತಿದ. ಮೈಕು ಎದುರಿಗೇ ಇತ್ತು, ದನಿ ತನ್ನದಲ್ಲವೆಂಬಂತೆ ಸಭೆಯ ಹಿಂದಿನ ಗೋಡೆಗೆ ಬಡಿದು ಬಂತು. "ಲಕ್ಕವ್ವ ಎಂಬ ನಾನು, ಈ ತರಬೇತಿಯ ಫಲವಾಗಿ, ಯಾರ ನೆರವೂ ಇಲ್ಲದೆ ಓದಲು ಮತ್ತು ಬರೆಯಲು ಶಕ್ತಳಾಗಿದ್ದೇನೆ ಎಂದು ಈ ಮೂಲಕ ದೃಢೀಕರಿಸುತ್ತೇನೆ."

"ಓದಾಕ?" ಎಂದಳು ಲಕ್ಕವ್ವ. "ಓದಾಕ ಎಲ್ಲಿ ಬರತೈತೋ ನನಗ? ಹೆಸರ ಒಂದ ಬರತೈತಿ. ಸುಳ್ಳಿಗೆ ಹೆಂಗ ಸಹಿ ಮಾಡ್ಲಿ?"

ಪೆನ್ನನ್ನು ಮೇಜಿನ ಮೇಲಿಟ್ಟಳು. ನೀಲಿ ಕೋಟಿನವರು ಕೈಗಡಿಯಾರ ನೋಡಿಕೊಂಡರು. ಸಾರಿಕಾ ಮೇಡಂ ಮೈಕು ಹಿಡಿದು, ಮುಂದಿನ ವಿದ್ಯಾರ್ಥಿನಿ ನೀಲಮ ತನ್ನ ಅನುಭವ ಹೇಳುತ್ತಾಳೆ ಎಂದು ನಗುತ್ತಲೇ ಅಂದರು. ನಗುತ್ತಲೇ ಹಾಲಸಿದ್ದನನ್ನು ಒಂದು ಸಲ ನೋಡಿದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲಿತ್ತು. ಲಕ್ಕವ್ವ ಕೂತು, ಚಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನ ಹಾಳೆಯನ್ನು ತೆಗೆದು ಅವನ ಕೈಗೆ ಕೊಟ್ಟಳು. ಹಾಳೆಯ ಮೂಲೆಗೆ ಸುಣ್ಣ ಹತ್ತಿತ್ತು. ಅವನು ಗಟ್ಟಿಯಾಗಿ ಓದಿದ.

"ಮೇಲೆ ಕಾಣಿಸಿದ ಜಮೀನಿನಲ್ಲಿ ನನಗಿರುವ ಪಾಲನ್ನು ನನ್ನ ತಮ್ಮನಾದ ಧರೆಪ್ಪನಿಗೆ ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿರುತ್ತೇನೆ. ಇನ್ನು ಮುಂದೆ ಸದರಿ ಜಮೀನಿನಲ್ಲಾಗಲಿ ಮನೆಯಲ್ಲಾಗಲಿ ನನಗೆ ಯಾವ ಹಕ್ಕೂ ಉಳಿದಿರುವುದಿಲ್ಲ. ಈ ಪತ್ರವನ್ನು ನಾನೇ ಓದಿ ತಿಳಿದುಕೊಂಡು ಸಹಿ ಮಾಡಿರುತ್ತೇನೆ."

ಒಳಗೆ ನೀಲಮಳ ದನಿ ಮೈಕಿನಲ್ಲಿ ಏರಿಳಿಯುತ್ತಿತ್ತು. ಲಕ್ಕವ್ವ ಕಾಲಬೆರಳಿನ ಉಂಗುರವಿಲ್ಲದ ಜಾಗವನ್ನು ಉಜ್ಜಿಕೊಳ್ಳುತ್ತ ಕೂತಳು.

"ನಿನ್ನೆ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು ಆಯಿ."

"ಗೊತ್ತಿದ್ದೂ ಚಲೋ ಬಂದೈತಿ ಅಂದಿ."

"ಹೌದು ಆಯಿ."

ಅವಳು ಹಾಳೆಯನ್ನು ಮತ್ತೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ತನಗೆ ಬರುವ ಒಂದೇ ಶಬ್ದವನ್ನು ನೋಡಿದಳು. "ಒತ್ತು ಮಾತ್ರ ಚಲೋ ಬಂದಾವ, ಖರೆ," ಎಂದಳು. ಹಾಲಸಿದ್ದನಿಗೆ ಅಳು ಬಂತು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಹಾಗಾಗಿ ಅವನು ಅಳುವುದು ಇನ್ನೂ ಅಸಹ್ಯವಾಗಿತ್ತು. ತಕರಾರು ಅರ್ಜಿ ಕೊಡಬಹುದು, ಇನ್ನೂ ಐದು ದಿನ ಇದೆ, ತಹಶೀಲ್ದಾರರ ಕಚೇರಿ ಇಲ್ಲೇ ಇದೆ, ನಾನೇ ಬರುತ್ತೇನೆ, ಸಾಕ್ಷಿ ಹೇಳುತ್ತೇನೆ ಎಂದು ಮೂಗು ಒರೆಸಿಕೊಳ್ಳುತ್ತ ಒಂದೇ ಉಸಿರಿಗೆ ಹೇಳಿದ.

"ನಿಮ್ಮಪ್ಪ?"

ಅವನು ನೋಟ್‌ಬುಕ್ಕಿನಿಂದ ಒಂದು ಖಾಲಿ ಹಾಳೆ ಕಿತ್ತು ತೊಡೆಯ ಮೇಲಿಟ್ಟು ಬರೆಯತೊಡಗಿದ. ಅಕ್ಷರಗಳು ಅಡ್ಡಾದಿಡ್ಡಿಯಾದವು. ಲಕ್ಕವ್ವನಿಗೆ ಓದಲು ಬರುವುದಿಲ್ಲ, ಮೀಟರಿನ ಕಾಗದವೆಂದು ಹೇಳಿ ಸಹಿ ಪಡೆದಿದ್ದಾರೆ, ಸಹಿ ಮಾಡುವುದನ್ನು ಮಾತ್ರ ಕಲಿಸಿದವನು ನಾನು. ಈ ಕೊನೆಯ ವಾಕ್ಯದ ಕೆಳಗೆ ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಬರೆದ. ಪೆನ್ನನ್ನು ಅವಳ ಕಡೆ ಚಾಚಿದ.

ಲಕ್ಕವ್ವ ಪೆನ್ನು ಮುಟ್ಟಲಿಲ್ಲ. ಹಾಳೆಯನ್ನಷ್ಟೇ ತೆಗೆದುಕೊಂಡಳು. ಆ ಹೊತ್ತಿಗೆ ಮಾತು ಮುಗಿಸಿ ನೀರು ಕುಡಿಯಲು ಹೊರಬಂದಿದ್ದ ನೀಲಮಳನ್ನು ಕೈಮಾಡಿ ಕರೆದಳು.

"ಯವ್ವಾ, ಇಲ್ಲಿ ಬಾ. ಇಂವಾ ಏನೋ ಬರದಾನ. ಏನ ಬರದಾನ, ಅಷ್ಟೂ ಓದಿ ಹೇಳು. ಸಾವಕಾಶ."

ನೀಲಮ ಗಲಿಬಿಲಿಯಿಂದ ಹಾಲಸಿದ್ದನ ಕಡೆ ನೋಡಿದಳು. ಅವನು ತಲೆಯಾಡಿಸಿದ. ಅವಳು ಓದತೊಡಗಿದಳು. ತಾನು ಬರೆದ ಒಂದೊಂದು ಮಾತೂ ಬೇರೆಯವರ ಬಾಯಿಂದ ಬರುವುದನ್ನು ಅವನು ಕೇಳುತ್ತ ಕೂತ. ಎಲ್ಲಾದರೂ ಒಂದು ಮಾತು ಬಿಟ್ಟಿದ್ದೇನೆಯೇ, ಬೇರೆ ಏನಾದರೂ ಬರೆದಿದ್ದೇನೆಯೇ ಎಂದು ಅವನಿಗೇ ಹೆದರಿಕೆಯಾಯಿತು. ಲಕ್ಕವ್ವ ಕಣ್ಣು ಮುಚ್ಚಿ, ಕಿವಿ ಅವಳ ಕಡೆಗಿಟ್ಟು, ಮಧ್ಯೆ ಒಂದು ಕಡೆ "ಇನ್ನೊಮ್ಮೆ" ಎಂದಳು. ನೀಲಮ ಇನ್ನೊಮ್ಮೆ ಓದಿದಳು. ಎಲ್ಲ ಮುಗಿದ ಮೇಲೆ ಮುದುಕಿ ಕಣ್ಣು ತೆರೆದು, ಹಾಲಸಿದ್ದನ ಮುಖ ನೋಡದೆ, ಅವನ ಪೆನ್ನಿನ ಕಡೆಗೆ ಕೈ ಚಾಚಿದಳು.

"ಮಸಿ ಹಚ್ಚು," ಎಂದು ಹೆಬ್ಬೆರಳು ಮುಂದೆ ಮಾಡಿದಳು.